ಸೋಲಾರ್ ಪ್ಯಾನೆಲ್ ಅಗ್ಗವಾದ ಬಗೆ

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಚೇಪಿನ್, ಫುಲ್ಲರ್ ಮತ್ತು ಪಿಯರ್ಸನ್ ಸಿಲಿಕಾನ್ ಸೌರಕೋಶವನ್ನು ಮಾಡಿ ತೋರಿಸಿದಾಗ, ಅದು ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಆರು ಪಾಲನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಉಪಗ್ರಹಗಳಿಗೆ ಬಿಟ್ಟರೆ ಬೇರೆಡೆ ಹೆಚ್ಚು ಬಳಸಲಾಗದಷ್ಟು ಅದು ದುಬಾರಿ. 1970ರ ದಶಕದ ಮಧ್ಯದಲ್ಲೂ ಒಂದು ವ್ಯಾಟ್‌ನ ಪ್ಯಾನೆಲ್‌ಗೆ ಇಂದಿನ ಹಣದ ಲೆಕ್ಕದಲ್ಲಿ ನೂರು ಡಾಲರ್‌ಗೂ ಹೆಚ್ಚು ಬೀಳುತ್ತಿತ್ತು. 2024ರ ವೇಳೆಗೆ ಚೀನಾದ ಕಾರ್ಖಾನೆಗಳ ದರ ಹತ್ತು ಸೆಂಟ್‌ನ ಆಸುಪಾಸಿಗೆ ಬಂತು. ಇಲ್ಲಿ ತೆರೆಯುತ್ತಿರುವ ಸೌರಶಕ್ತಿ ಪ್ರದರ್ಶನದ ಪ್ರತಿ ಮಳಿಗೆಯೂ ಈ ಇಳಿತದ ಫಲ.

ಬೆಲೆ ಕಾಲಕ್ರಮದಲ್ಲಿ ತಾನಾಗಿ ಇಳಿಯಲಿಲ್ಲ, ತಯಾರಿಕೆಯ ಮೊತ್ತ ಬೆಳೆದಂತೆ ಇಳಿಯಿತು. ಜಗತ್ತು ಅದುವರೆಗೆ ಮಾಡಿದ ಪ್ಯಾನೆಲ್‌ಗಳ ಒಟ್ಟು ಪ್ರಮಾಣ ದುಪ್ಪಟ್ಟಾದಾಗಲೆಲ್ಲ ಬೆಲೆ ನೂರಕ್ಕೆ ಇಪ್ಪತ್ತರಷ್ಟು ತಗ್ಗುತ್ತ ಬಂದಿದೆ. ಇದನ್ನು ಗುರುತಿಸಿದ ರಿಚರ್ಡ್ ಸ್ವಾನ್ಸನ್ ಹೆಸರಲ್ಲೇ ಇದು ಸ್ವಾನ್ಸನ್ ನಿಯಮ ಎನಿಸಿಕೊಂಡಿದೆ. ನಿಯಮವೆಂದರೂ ಇದರ ಹಿಂದಿರುವುದು ತಯಾರಿಕೆಯ ನೂರಾರು ಸಣ್ಣ ಸುಧಾರಣೆಗಳು.

ಅದರಲ್ಲಿ ವೇಫರ್ ಕೊಯ್ಯುವ ಕೆಲಸವೇ ಒಳ್ಳೆಯ ಉದಾಹರಣೆ. ಶುದ್ಧ ಸಿಲಿಕಾನ್ ಅನ್ನು ಕರಗಿಸಿ ಹರಳಿನ ದಿಂಡಾಗಿಸಿ, ಅದನ್ನು ವೇಫರ್ ಎಂಬ ತೆಳುವಾದ ಬಿಲ್ಲೆಗಳಾಗಿ ಸೀಳಬೇಕು. ಮೊದಲು ಉಕ್ಕಿನ ತಂತಿಗೆ ಉಜ್ಜುಪುಡಿಯ ದ್ರಾವಣ ಸುರಿಯುತ್ತ ಕೊಯ್ಯುತ್ತಿದ್ದರು. ಬೆಲೆಬಾಳುವ ಸಿಲಿಕಾನ್‌ನಲ್ಲಿ ಹತ್ತಿರಹತ್ತಿರ ಅರ್ಧ ಪಾಲು ಪುಡಿಯಾಗಿ ಹೋಗುತ್ತಿತ್ತು. ವಜ್ರದ ಕಣ ಅಂಟಿಸಿದ ಸಪೂರ ತಂತಿ ಬಂದ ಮೇಲೆ ಕೊಯ್ತ ವೇಗವಾಯಿತು, ನಷ್ಟ ತಗ್ಗಿತು. ಎರಡು ದಶಕದ ಹಿಂದೆ ಸುಮಾರು 300 ಮೈಕ್ರಾನ್ ದಪ್ಪವಿದ್ದ ಬಿಲ್ಲೆ ಇಂದು ಅದರ ಅರ್ಧಕ್ಕಿಂತ ತೆಳು. ಅದೇ ಒಂದು ಕಿಲೋ ಸಿಲಿಕಾನ್‌ನಿಂದ ಈಗ ಎಷ್ಟೋ ಹೆಚ್ಚು ವ್ಯಾಟ್ ಹುಟ್ಟುತ್ತದೆ. ಕೋಶದ ಮೇಲೆ ಬಳಿಯುವ ಬೆಳ್ಳಿಯೂ ಕಡಿಮೆಯಾಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಮತ್ತು ಸಂಗಡಿಗರು ರೂಪಿಸಿದ ಪರ್ಕ್ ಎಂಬ ಬಗೆಯ ಕೋಶ ಕಾರ್ಖಾನೆಗೆ ಇಳಿದು ದಕ್ಷತೆಯನ್ನು ಮೇಲೆತ್ತಿತು. ದಕ್ಷತೆ ಏರಿದರೆ ಗಾಜು, ಚೌಕಟ್ಟು, ಜಾಗ, ಕೂಲಿ ಎಲ್ಲವೂ ವ್ಯಾಟ್ ಲೆಕ್ಕದಲ್ಲಿ ಅಗ್ಗವಾಗುತ್ತವೆ.

ಇಷ್ಟೆಲ್ಲ ಮಾಡಲು ಕೊಳ್ಳುವವರು ಬೇಕಿತ್ತು. ಆ ಗಿರಾಕಿಯನ್ನು ಒದಗಿಸಿದ್ದು ಜರ್ಮನಿ. ಸೌರವಿದ್ಯುತ್ತಿಗೆ ಇಪ್ಪತ್ತು ವರ್ಷ ನಿಶ್ಚಿತ ದರ ಕೊಡುವ 2000ದ ಕಾನೂನಿನ ಹೊರೆಯನ್ನು ಅಲ್ಲಿನ ವಿದ್ಯುತ್ ಬಳಕೆದಾರರು ಹೊತ್ತರು. ಅದರ ಲಾಭ ಇಡೀ ಜಗತ್ತಿಗೆ ಸಿಕ್ಕಿತು ಎಂಬುದನ್ನು ಮರೆಯುವಂತಿಲ್ಲ. ಗ್ರೀನ್ ಅವರ ಶಿಷ್ಯ ಶಿ ಝೆಂಗ್‌ರಾಂಗ್ 2001ರಲ್ಲಿ ಚೀನಾದ ವುಶಿ ನಗರದಲ್ಲಿ ಸನ್‌ಟೆಕ್ ಎಂಬ ಪ್ಯಾನೆಲ್ ಕಂಪನಿ ಕಟ್ಟಿ, ಅದನ್ನು ಬೆಳೆಸಿದ್ದು ಈ ಬೇಡಿಕೆಯ ಬಲದಿಂದ. ಬೇಡಿಕೆ ಉಕ್ಕಿ 2008ರಲ್ಲಿ ಕೋಶದ ಕಚ್ಚಾವಸ್ತುವಾದ ಶುದ್ಧ ಸಿಲಿಕಾನ್, ಅಂದರೆ ಪಾಲಿಸಿಲಿಕಾನ್, ಕಿಲೋಗೆ 400 ಡಾಲರ್ ದಾಟಿತು. ಎಲ್ಲರೂ ಕಾರ್ಖಾನೆ ಹಾಕಿದರು. ನಾಲ್ಕೇ ವರ್ಷದಲ್ಲಿ ಅದು 25 ಡಾಲರ್‌ಗಿಂತ ಕೆಳಗಿಳಿಯಿತು. 2013ರಲ್ಲಿ ಸನ್‌ಟೆಕ್‌ನ ಮುಖ್ಯ ಘಟಕವೇ ದಿವಾಳಿಯಾಯಿತು. ಬೆಲೆ ಇಳಿದದ್ದೆಲ್ಲ ಜಾಣ್ಮೆಯಿಂದಲ್ಲ. ಸರಕು ಮಿತಿಮೀರಿ, ನಷ್ಟಕ್ಕೆ ಮಾರಿದ ವರ್ಷಗಳೂ ಇದರಲ್ಲಿ ಸೇರಿವೆ.

ಚೀನಾ ಗೆದ್ದದ್ದು ಅಗ್ಗದ ಕೂಲಿಯಿಂದ ಎಂಬ ಮಾತು ಅರ್ಧ ಸತ್ಯವೂ ಅಲ್ಲ. ಇಂದಿನ ಕೋಶ ಕಾರ್ಖಾನೆಯಲ್ಲಿ ಯಂತ್ರಗಳೇ ಹೆಚ್ಚು, ಕೈಗಳು ಕಡಿಮೆ. ಪಾಲಿಸಿಲಿಕಾನ್ ಶುದ್ಧೀಕರಣ ವಿದ್ಯುತ್ತನ್ನು ಕುಡಿಯುವ ಕೆಲಸ. ಷಿನ್‌ಜಿಯಾಂಗ್‌ನ ಅಗ್ಗದ ಕಲ್ಲಿದ್ದಲು ವಿದ್ಯುತ್ತು ಅಲ್ಲಿ ನಿರ್ಣಾಯಕವಾಯಿತು. ಗಾಜು, ಅಲ್ಯೂಮಿನಿಯಂ ಚೌಕಟ್ಟು, ಯಂತ್ರದ ಬಿಡಿಭಾಗ ಎಲ್ಲ ಹತ್ತಿರದಲ್ಲೇ ಸಿಗುತ್ತವೆ. ಬ್ಯಾಂಕುಗಳು ಮತ್ತು ಸ್ಥಳೀಯ ಸರ್ಕಾರಗಳು ದೊಡ್ಡ ಬಂಡವಾಳ ಒದಗಿಸಿದವು. ಹೀಗೆ ತಯಾರಿಕೆಯ ಪ್ರತಿ ಹಂತದಲ್ಲೂ ಜಗತ್ತಿನ ಶೇ. 80ಕ್ಕೂ ಹೆಚ್ಚು ಪಾಲು ಆ ಒಂದು ದೇಶದ ಕೈಸೇರಿತು.

ಭಾರತಕ್ಕೆ ಈ ಉದ್ಯಮ ಹೊಸದೇನಲ್ಲ. ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಶುರುವಾದದ್ದು 1989ರಲ್ಲಿ. ಬಳಕೆಯೂ ಬೆಳೆದಿದೆ: ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಒಣಭೂಮಿಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ನಿಂತಿದೆ. ದೇಶದಲ್ಲೇ ತಯಾರಿಕೆ ಬೆಳೆಯಲೆಂದು 2022ರ ಏಪ್ರಿಲ್‌ನಲ್ಲಿ ಆಮದು ಪ್ಯಾನೆಲ್‌ಗೆ ಶೇ. 40, ಕೋಶಕ್ಕೆ ಶೇ. 25 ಸುಂಕ ಬಿತ್ತು. ಪ್ಯಾನೆಲ್ ಜೋಡಿಸುವ ಕಾರ್ಖಾನೆಗಳು ಬೇಗ ಬೆಳೆದವು. ಆದರೆ ಜೋಡಣೆ ಸರಪಳಿಯ ಕೊನೆಯ ಮತ್ತು ಸುಲಭದ ಕೊಂಡಿ. ವೇಫರ್ ಮತ್ತು ಪಾಲಿಸಿಲಿಕಾನ್ ಬಹುಪಾಲು ಇನ್ನೂ ಹೊರಗಿನಿಂದಲೇ ಬರುತ್ತಿವೆ. ಸುಂಕ ಕಲಿಯಲು ಸಮಯ ಕೊಡುತ್ತದೆಯೇ ಹೊರತು ಕಲಿಸಿಕೊಡುವುದಿಲ್ಲ. ಆ ಸಮಯದಲ್ಲಿ ಸಂಶೋಧನೆಗೆ, ಯಂತ್ರ ತಯಾರಿಕೆಗೆ, ನಂಬಬಹುದಾದ ವಿದ್ಯುತ್ತಿಗೆ ಹಣ ಹೂಡದಿದ್ದರೆ ದುಬಾರಿ ಪ್ಯಾನೆಲ್‌ನ ಭಾರ ಮನೆ ಮಾಳಿಗೆಯ ಗ್ರಾಹಕನ ಮೇಲೆ, ಪಂಪ್‌ಸೆಟ್ಟಿನ ರೈತನ ಮೇಲೆ ಬೀಳುತ್ತದೆ.

ಪ್ರದರ್ಶನಕ್ಕೆ ಬರುವವರು ವ್ಯಾಟ್‌ಗೆ ಎಷ್ಟು ರೂಪಾಯಿ ಎಂದು ಕೇಳಲಿ. ಜೊತೆಗೆ ಒಳಗಿನ ಕೋಶ ಎಲ್ಲಿಯದು, ವೇಫರ್ ಎಲ್ಲಿಯದು, ಇಪ್ಪತ್ತೈದು ವರ್ಷದ ವಾರಂಟಿಗೆ ಹೊಣೆ ಯಾರು ಎಂದೂ ಪ್ರತಿ ಮಳಿಗೆಯಲ್ಲಿ ಕೇಳಲಿ.