ಆಟವೂ ಒಂದು ಓದು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕ್ಷೇತ್ರದ ಅವಕಾಶಗಳ ಬಗ್ಗೆ ಮಾತನಾಡಿ ಎಂದು ಸಮಿತಿಯವರು ಹೇಳಿದ್ದರು. ಯಾವ ಕೋರ್ಸಿಗೆ ಎಷ್ಟು ಸಂಬಳ ಎಂಬುದನ್ನು ನನಗಿಂತ ಚೆನ್ನಾಗಿ ಹೇಳುವವರು ಕೃಷ್ಣರಾಜನಗರದ ಬಸ್ ಸ್ಟ್ಯಾಂಡಿನಲ್ಲೇ ಸಿಗುತ್ತಾರೆ. ಆದ್ದರಿಂದ ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಅದು ವಿಡಿಯೋ ಗೇಮ್. ಆಡುವುದರ ಬಗ್ಗೆ ಅಲ್ಲ, ಮಾಡುವುದರ ಬಗ್ಗೆ. ಆಟವನ್ನು ಕಟ್ಟುವುದು, ಆಟವನ್ನು ಸಂಶೋಧನೆ ಮಾಡುವುದು ಜಗತ್ತಿನ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಕೆಲಸವಾಗಿದೆ. ಆ ಕೆಲಸಕ್ಕೆ ಬೇಕಾದ ಕಚ್ಚಾ ವಸ್ತು ನಮ್ಮ ಜಗಲಿಗಳ ಮೇಲೆ ಬಿದ್ದಿದೆ.

ಪೋಷಕರ ಮುಖ ನನಗೆ ಇಲ್ಲಿಂದಲೇ ಕಾಣುತ್ತಿದೆ. ‘ಮೊದಲೇ ಮೊಬೈಲ್ ಬಿಡುವುದಿಲ್ಲ, ಇವನೊಬ್ಬ ಬಂದ’ ಎಂದುಕೊಳ್ಳುತ್ತಿದ್ದೀರಿ. ನಿಮ್ಮ ಭಯ ಸುಳ್ಳಲ್ಲ. ಆನ್‌ಲೈನ್ ರಮ್ಮಿಯಲ್ಲಿ ದುಡ್ಡು ಕಳೆದವರನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ರಾಜ್ಯ 2021ರಲ್ಲಿ ಕಾಯ್ದೆ ತಿದ್ದಿ ಇದನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಆದರೆ ಜೂಜು ಬೇರೆ, ಆಟ ಬೇರೆ. ಇಸ್ಪೀಟಿನಲ್ಲಿ ಮನೆ ಮಾರಿದವರಿದ್ದಾರೆ ಎಂದು ನಾವು ಮಕ್ಕಳಿಗೆ ಚದುರಂಗ ಕಲಿಸುವುದನ್ನು ಬಿಟ್ಟಿಲ್ಲವಲ್ಲ!

ಕಂಪ್ಯೂಟರ್ ಆಟ ಹುಟ್ಟಿದ್ದೇ ಓದುವ ಜಾಗದಲ್ಲಿ. 1952ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಎ.ಎಸ್. ಡಗ್ಲಾಸ್ ಎಂಬ ಸಂಶೋಧನಾ ವಿದ್ಯಾರ್ಥಿ, ಮನುಷ್ಯನೂ ಯಂತ್ರವೂ ಹೇಗೆ ವ್ಯವಹರಿಸಬಹುದು ಎಂದು ತೋರಿಸಲು, ನಾವು ನೋಟ್ ಬುಕ್ಕಿನ ಕೊನೆಯ ಪುಟದಲ್ಲಿ ಆಡುವ ಸೊನ್ನೆ-ಇಂಟು ಆಟವನ್ನು ಎಡ್ಸಾಕ್ ಎಂಬ ಯಂತ್ರದಲ್ಲಿ ಆಡಿಸಿದ. ಹತ್ತು ವರ್ಷದ ನಂತರ, 1962ರಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ‘ಸ್ಪೇಸ್‌ವಾರ್’ ಎಂಬ ಆಟ ಬರೆದರು. 2005ರಲ್ಲಿ ಡಿಜಿಪೆನ್ ಎಂಬ ಸಂಸ್ಥೆಯ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿಗಾಗಿ ಗೋಡೆಯಲ್ಲಿ ಬಾಗಿಲು ತೆರೆದು ಇನ್ನೊಂದು ಕಡೆ ಹೊರಬರುವ ಆಟ ಮಾಡಿದ್ದರು; ಅದನ್ನು ನೋಡಿದ ವಾಲ್ವ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ಕರೆದುಕೊಂಡಿತು. ಎರಡು ವರ್ಷದಲ್ಲಿ ‘ಪೋರ್ಟಲ್’ ಬಂತು. ನಮ್ಮ ಇಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಅದನ್ನು ಆಡಿದವರು ಬಹಳ ಜನ.

ಇನ್ನೊಂದು ಉದಾಹರಣೆ ಹೇಳಬೇಕು, ಏಕೆಂದರೆ ವಿಜ್ಞಾನದ ಮೇಷ್ಟ್ರು ಇಲ್ಲಿದ್ದಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ‘ಫೋಲ್ಡ್‌ಇಟ್’ ಎಂಬ ಆಟ ಬಿಟ್ಟರು. ಪ್ರೋಟೀನ್ ಎಂಬುದು ಉದ್ದನೆಯ ಸರ. ಅದು ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರ ಗೊತ್ತಾದರೆ ಔಷಧಿ ಮಾಡಲು ದಾರಿ ಸಿಗುತ್ತದೆ. ಸರವನ್ನು ಚೆನ್ನಾಗಿ ಮಡಚಿದಷ್ಟೂ ಅಂಕ ಹೆಚ್ಚು, ಇಷ್ಟೇ ಆಟ. ಕೋತಿಗಳಲ್ಲಿ ಏಡ್ಸ್‌ನಂಥ ರೋಗ ತರುವ ಒಂದು ವೈರಸ್ಸಿನ ಪ್ರೋಟೀನು ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನಿಗಳ ಕೈಗೆ ಸಿಕ್ಕಿರಲಿಲ್ಲ. ಈ ಆಟ ಆಡುವವರು, ಅವರಲ್ಲಿ ಬಹಳ ಮಂದಿ ಜೀವಶಾಸ್ತ್ರ ಓದದವರು, ಮೂರು ವಾರದೊಳಗೆ ಅದರ ಆಕಾರವನ್ನು ಹಿಡಿದರು. 2011ರಲ್ಲಿ ಪ್ರಕಟವಾದ ಸಂಶೋಧನಾ ಲೇಖನದಲ್ಲಿ ಆಟಗಾರರ ಗುಂಪುಗಳ ಹೆಸರೂ ಲೇಖಕರ ಸಾಲಿನಲ್ಲಿದೆ. ಆ ಪ್ರಯೋಗಾಲಯದ ಡೇವಿಡ್ ಬೇಕರ್ ಅವರಿಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು, ಆಟಕ್ಕಲ್ಲ, ಹೊಸ ಪ್ರೋಟೀನುಗಳನ್ನು ರೂಪಿಸಿದ್ದಕ್ಕೆ.

ಇನ್ನು ನಮ್ಮ ಕಡೆಗೆ ಬರುತ್ತೇನೆ. ನಾನು ಬಿ.ಇ. ಕೊನೆಯ ವರ್ಷದಲ್ಲಿದ್ದಾಗ ಪ್ರಾಜೆಕ್ಟಿಗೆ ಹುಲಿ-ಕುರಿ ಆಟವನ್ನು ಆರಿಸಿಕೊಂಡು ಹೋದೆ. ‘ಆಟ ಪ್ರಾಜೆಕ್ಟ್ ಆಗುವುದಿಲ್ಲ, ಉಪಯೋಗಕ್ಕೆ ಬರುವುದು ಏನಾದರೂ ಮಾಡು’ ಎಂದರು. ಹಾಜರಾತಿ ತೆಗೆದುಕೊಳ್ಳುವ ಸಾಫ್ಟ್‌ವೇರ್ ಮಾಡಿದೆವು. ಆ ವರ್ಷ ನಮ್ಮ ತರಗತಿಯಲ್ಲೇ ಇನ್ನೂ ನಾಲ್ಕು ತಂಡ ಅದೇ ಮಾಡಿತ್ತು. ಒಂದರಲ್ಲಿಯೂ ಯಾರೂ ಹಾಜರಾತಿ ತೆಗೆದುಕೊಳ್ಳಲಿಲ್ಲ.

ತಮಾಷೆ ಏನೆಂದರೆ, ಅಷ್ಟು ಹೊತ್ತಿಗಾಗಲೇ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಲಿಮ್ ಯೂ ಜಿನ್ ಎಂಬ ವಿದ್ಯಾರ್ಥಿ, ಯೂರ್ಗ್ ನೀವರ್ಗೆಲ್ಟ್ ಎಂಬ ಪ್ರಾಧ್ಯಾಪಕರ ಜೊತೆ ಸೇರಿ, ಹುಲಿ-ಕುರಿಯ ಮೇಲೆಯೇ ಸಂಶೋಧನೆ ಮಾಡುತ್ತಿದ್ದ. ಅವರು ತೆಗೆದುಕೊಂಡದ್ದು ನೇಪಾಳದ ‘ಬಾಘ್ ಚಾಲ್’. ನಮ್ಮದಕ್ಕೆ ದಾಯಾದಿ. ಐದು ಐದಲ ಇಪ್ಪತ್ತೈದು ಬಿಂದು, ನಾಲ್ಕು ಹುಲಿ, ಇಪ್ಪತ್ತು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ, ಕುರಿಗಳು ಸುತ್ತುಗಟ್ಟಿ ಹುಲಿಯನ್ನು ಅಲುಗಾಡದಂತೆ ಕಟ್ಟಿಹಾಕುತ್ತವೆ. ಐದು ಕುರಿ ತಿಂದರೆ ಹುಲಿ ಗೆದ್ದಂತೆ ಎಂದು ಲೆಕ್ಕ. ಅವರ ಪ್ರಶ್ನೆ ಇಷ್ಟು: ಇಬ್ಬರೂ ಒಂದೂ ತಪ್ಪಿಲ್ಲದೆ ಆಡಿದರೆ ಯಾರು ಗೆಲ್ಲುತ್ತಾರೆ?

ಹತ್ತನೇ ತರಗತಿಯವರು ಗಮನ ಕೊಟ್ಟು ಕೇಳಿ, ಇದು ವಿಕಲ್ಪಗಳ ಲೆಕ್ಕ. 25 ಬಿಂದುಗಳಲ್ಲಿ 4 ಹುಲಿಗಳನ್ನು ಇಡುವ ಬಗೆ 12,650. ಉಳಿದ 21 ಬಿಂದುಗಳಲ್ಲಿ ಕುರಿಗಳು ಇಪ್ಪತ್ತಿರಬಹುದು, ಹತ್ತೊಂಬತ್ತಿರಬಹುದು, ಹೀಗೆ ಹದಿನಾರರವರೆಗೆ. ಅವನ್ನು ಇಡುವ ಬಗೆ ಎಲ್ಲ ಕೂಡಿದರೆ 27,895. ಎರಡನ್ನೂ ಗುಣಿಸಿ. 35 ಕೋಟಿ ದಾಟುತ್ತದೆ. ಹಲಗೆಯನ್ನು ತಿರುಗಿಸಿದರೂ ಕನ್ನಡಿಯಲ್ಲಿ ನೋಡಿದರೂ ಒಂದೇ ಆಗುವವನ್ನು ಸೇರಿಸಿದರೆ ಅದರ ಎಂಟರಲ್ಲೊಂದು ಭಾಗ ಉಳಿಯುತ್ತದೆ. ಈಗ ಸರದಿ ಹುಲಿಯದೋ ಕುರಿಯದೋ ಎಂದು ಎರಡರಿಂದ ಗುಣಿಸಿದರೆ ಸುಮಾರು 8.8 ಕೋಟಿ ಸ್ಥಿತಿಗಳು. ಇದು ಕುರಿಗಳನ್ನೆಲ್ಲ ಇಟ್ಟಾದ ಮೇಲಿನ ಅರ್ಧ ಆಟ ಮಾತ್ರ.

ಇಷ್ಟನ್ನು ಹೇಗೆ ಬಿಡಿಸುವುದು? ಹಿಂದಿನಿಂದ. ಪತ್ರಿಕೆಯ ಮಕ್ಕಳ ಪುಟದಲ್ಲಿ ‘ಮೊಲಕ್ಕೆ ಕ್ಯಾರೆಟ್ಟಿನ ದಾರಿ ತೋರಿಸಿ’ ಎಂದು ಬಂದಾಗ ಜಾಣ ಮಕ್ಕಳು ಕ್ಯಾರೆಟ್ಟಿನಿಂದ ಶುರು ಮಾಡುತ್ತಾರಲ್ಲ, ಹಾಗೆ. ಹುಲಿಗಳೆಲ್ಲ ಕಟ್ಟಿಬಿದ್ದ ಸ್ಥಿತಿಗಳನ್ನು ಮೊದಲು ಗುರುತು ಮಾಡು: ಇಲ್ಲಿ ಕುರಿ ಗೆದ್ದಿದೆ. ಅಲ್ಲಿಗೆ ಒಂದೇ ನಡೆಯಲ್ಲಿ ಬರಬಹುದಾದವು ಯಾವುವು? ಅದರ ಹಿಂದಿನವು ಯಾವುವು? ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತ ಪ್ರತಿ ಸ್ಥಿತಿಗೂ ಗೆಲುವು, ಸೋಲು, ಸಮ ಎಂದು ಚೀಟಿ ಅಂಟಿಸುವುದು. ಕುರಿ ಇಡುವ ಮೊದಲರ್ಧ ಇದಕ್ಕಿಂತ ಬಹಳ ದೊಡ್ಡದು; ಅದಕ್ಕೆ ಬೇರೆ ಉಪಾಯಗಳು ಬೇಕಾದವು. ಕೊನೆಗೆ ಅವರ ಫಲಿತಾಂಶ 2009ರಲ್ಲಿ ಪುಸ್ತಕವೊಂದರಲ್ಲಿ ಅಚ್ಚಾಯಿತು. ಇಬ್ಬರೂ ಸರಿಯಾಗಿ ಆಡಿದರೆ ಆಟ ಸಮ. ಹುಲಿಯೂ ಗೆಲ್ಲದು, ಕುರಿಯೂ ಸಾಯದು. ಯಾರೋ ಹಳ್ಳಿಗರು ಕಲ್ಲಿನ ಮೇಲೆ ಗೀಚಿ ಮಾಡಿದ ನಿಯಮ ಎಷ್ಟು ಹದವಾಗಿದೆ ನೋಡಿ. ಈ ಹದವನ್ನೇ ಇವತ್ತು ಗೇಮ್ ಕಂಪನಿಗಳಲ್ಲಿ ‘ಬ್ಯಾಲೆನ್ಸಿಂಗ್’ ಎಂದು ಕರೆದು ಅದಕ್ಕೆಂದೇ ಜನರನ್ನು ಇಟ್ಟುಕೊಳ್ಳುತ್ತಾರೆ.

ಅಳಗುಳಿ ಮಣೆಯ ವಂಶದ ಆಫ್ರಿಕದ ಆಟ ‘ಅವಾರಿ’ಯನ್ನೂ ಹೀಗೇ ಬಿಡಿಸಿದರು. 2002ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ವಿಶ್ವವಿದ್ಯಾಲಯವೊಂದರ ರೊಮೇನ್ ಮತ್ತು ಬಾಲ್ ಎಂಬಿಬ್ಬರು, 144 ಪ್ರೊಸೆಸರುಗಳನ್ನು ಒಟ್ಟಿಗೆ ಕೂಡಿಸಿ, 88,906 ಕೋಟಿಗೂ ಹೆಚ್ಚು ಸ್ಥಿತಿಗಳನ್ನು ಲೆಕ್ಕ ಹಾಕಿದರು. ಅದೂ ಸಮ.

ಇದನ್ನೆಲ್ಲ ಕೇಳಿ ‘ವಿದೇಶದವರು ಮಾಡುತ್ತಾರೆ’ ಎಂದುಕೊಳ್ಳಬೇಡಿ. ನಮ್ಮ ಮೈಸೂರಿನಲ್ಲಿ ನೂರೈವತ್ತು ವರ್ಷಕ್ಕೂ ಹಿಂದೆ ಒಬ್ಬ ಅರಸರು ಆಟಗಳನ್ನೇ ಸಂಶೋಧನೆ ಮಾಡಿದರು. ನಮ್ಮ ಊರಿಗೆ ಹೆಸರು ಕೊಟ್ಟ ನಾಲ್ವಡಿಯವರಲ್ಲ, ಅವರ ತಾತ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ಭಾಗಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ಎಲ್ಲ ಮನೆಗಳನ್ನೂ ಸುತ್ತುವ ದಾರಿಗಳನ್ನು ಅವರು ರಚಿಸಿದರು. ಹೊಸ ಆಟಗಳನ್ನೂ ಕಟ್ಟಿದರು. ಅಧಿಕಾರ ಬ್ರಿಟಿಷರ ಕೈಗೆ ಹೋದಾಗ ಸಮಯ ಕಳೆಯಲು ಮಾಡಿದ್ದು ಎಂದು ಹೇಳುವವರಿದ್ದಾರೆ; ಇರಬಹುದು, ಆದರೆ ಸಮಯ ಕಳೆಯುವವರೆಲ್ಲ ಇಂಥದ್ದನ್ನು ಬರೆದಿಡುವುದಿಲ್ಲ. ಮೈಸೂರಿಗೆ ಮೃಗಾಲಯ ನೋಡಲು ಹೋದಾಗ ಎದುರಿಗೇ ಇರುವ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರ ಮಳಿಗೆಯನ್ನೂ ನೋಡಿ. ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಅವರು ಹಳೆಯ ಹಲಗೆ ಆಟಗಳ ಪ್ರದರ್ಶನ ಮಾಡುತ್ತ ಬಂದಿದ್ದಾರೆ.

ಈಗ ನನ್ನ ನಿಜವಾದ ಚಿಂತೆ. ಕೆಲಸ ಸಿಕ್ಕಿದ ಮೇಲೆ, ಯಾರ ಒಪ್ಪಿಗೆಯೂ ಬೇಡವೆಂದು, ಹುಲಿ-ಕುರಿಯ ಪ್ರೋಗ್ರಾಂ ಬರೆಯಲು ರಜೆಯಲ್ಲಿ ಕುಳಿತೆ. ಕಂಪ್ಯೂಟರಿಗೆ ‘ಸುಮಾರಾಗಿ ಹೀಗೆ’ ಎಂದು ಹೇಳಲು ಆಗುವುದಿಲ್ಲ. ಕುರಿಗಳನ್ನೆಲ್ಲ ಇಟ್ಟು ಮುಗಿಯುವ ಮೊದಲು ಹುಲಿ ಹಾರಬಹುದೇ? ಒಂದೇ ಸರದಿಯಲ್ಲಿ ಎರಡು ಕುರಿ ತಿನ್ನಬಹುದೇ? ನಮ್ಮ ತಂದೆಯ ಊರಿನಲ್ಲಿ ಒಂದು ಉತ್ತರ, ತಾಯಿಯ ಊರಿನಲ್ಲಿ ಇನ್ನೊಂದು. ಎರಡೂ ಊರಿಗೆ ನಡುವೆ ಇರುವುದು ಕಾವೇರಿ ಹೊಳೆ ಮಾತ್ರ. ಮೂರನೆಯ ಊರಿನಲ್ಲಿ ಕೇಳಲು ಹೋದರೆ, ಚೆನ್ನಾಗಿ ಆಡುತ್ತಿದ್ದ ಅಜ್ಜ ಹೋದ ವರ್ಷ ತೀರಿಕೊಂಡರು ಎಂದರು. ಕಲ್ಲಿನ ಮೇಲೆ ಗೆರೆ ಹಾಗೇ ಇದೆ, ನಿಯಮ ಹೋಗಿದೆ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರು 2018ರಿಂದ ಐದು ವರ್ಷ ಜಗತ್ತಿನ ಸಾಂಪ್ರದಾಯಿಕ ಆಟಗಳ ನಿಯಮಗಳನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆದಿಡುವ ಕೆಲಸ ಮಾಡಿದರು. ಆದರೆ ನಮ್ಮ ತಾಲ್ಲೂಕಿನ ಒಂದೊಂದು ಅರಳಿಕಟ್ಟೆಯ ನಿಯಮವನ್ನು ಕೇಳಿಕೊಂಡು ಮಾಸ್ಟ್ರಿಕ್ಟಿನಿಂದ ಯಾರೂ ಬರುವುದಿಲ್ಲ.

ಮುಂದೆ ಇದನ್ನೇ ಓದಬೇಕೆಂಬ ಮಕ್ಕಳಿಗೆ ಒಂದು ಮಾತು. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡಿಜಿಟಲ್ ಗೇಮ್ ಡಿಸೈನ್ ಎಂಬ ಸ್ನಾತಕೋತ್ತರ ಪದವಿಯೇ ಇದೆ. ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಅದೇ ಬೆಂಗಳೂರಿನಲ್ಲಿ 1997ರಲ್ಲೇ ಶುರುವಾಯಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು 2012ರಲ್ಲಿ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು. ಕೋಡಿಂಗ್ ಬಂದರೆ ಮಾತ್ರ ಈ ಕೆಲಸ ಎಂದೂ ಇಲ್ಲ. ಚಿತ್ರ ಬರೆಯುವವರು, ಕಥೆ ಹೇಳುವವರು, ಸಂಗೀತದವರು ಎಲ್ಲರೂ ಬೇಕು.

ಅದಕ್ಕೆ ಮೊದಲು ಕಂಪ್ಯೂಟರೇ ಇಲ್ಲದೆ ಮಾಡಬಹುದಾದ ಒಂದು ಕೆಲಸ ಕೊಡುತ್ತೇನೆ. ಚೌಕಾಬಾರದ ನಾಲ್ಕು ಕವಡೆ ತೆಗೆದುಕೊಳ್ಳಿ. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮಸಮ ಎಂದಾದರೆ, ಹದಿನಾರು ಸಲಕ್ಕೆ ಒಂದು ಸಲ ಚೌಕ, ಒಂದು ಸಲ ಬಾರ, ಆರು ಸಲ ಎರಡು ಬೀಳಬೇಕು. ಇನ್ನೂರು ಸಲ ಹಾಕಿ ಬರೆದುಕೊಳ್ಳಿ. ಆಮೇಲೆ ಕವಡೆ ಬಿಟ್ಟು ಸೀಳಿದ ಹುಣಿಸೆ ಬೀಜದಲ್ಲಿ ಹಾಕಿ. ಎರಡು ಪಟ್ಟಿಯನ್ನೂ ಗಣಿತದ ಮೇಷ್ಟ್ರಿಗೆ ತೋರಿಸಿ.

ಇನ್ನೊಂದು ಕೆಲಸ ದಸರಾ ರಜೆಗೆ. ಅಜ್ಜ, ಅಜ್ಜಿ, ಪಕ್ಕದ ಮನೆಯ ಹಿರಿಯರು, ಯಾರಾದರೂ ಸರಿ, ಹುಲಿ-ಕುರಿ, ಅಳಗುಳಿ ಮಣೆ, ಚೌಕಾಬಾರ ಹೇಗೆ ಆಡುತ್ತಿದ್ದರು ಎಂದು ಕೇಳಿ. ಹಲಗೆಯ ಚಿತ್ರ, ಕಾಯಿ ಎಷ್ಟು, ಜಗಳ ಬಂದಾಗ ಹೇಗೆ ತೀರ್ಮಾನ ಮಾಡುತ್ತಿದ್ದರು ಎಂಬುದನ್ನೂ ಬಿಡದೆ ಬರೆಯಿರಿ. ಊರಿನ ಹೆಸರು, ಹೇಳಿದವರ ಹೆಸರು ಮೇಲೆ ಇರಲಿ. ಪುಟಗಳನ್ನೆಲ್ಲ ಶಾಲೆಯ ಗ್ರಂಥಾಲಯದಲ್ಲಿ ಒಂದು ಫೈಲಿನಲ್ಲಿ ಇಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ರಜೆ ಮುಗಿದ ಮೊದಲ ಶನಿವಾರ ನಾನು ಲ್ಯಾಪ್‌ಟಾಪ್ ತೆಗೆದುಕೊಂಡು ಬರುತ್ತೇನೆ. ನಾನು ಆಡಿದ ಹಲಗೆಯಲ್ಲಿ 23 ಬಿಂದು, 3 ಹುಲಿ, 15 ಕುರಿ. ಹದಿನೈದೂ ಕುರಿ ಬದುಕಿರುವ ಸ್ಥಿತಿಗಳು 2,74,57,584. ಒಂಬತ್ತನೇ ತರಗತಿಯವರು ಅಷ್ಟರಲ್ಲಿ ಇದನ್ನು ಸರಿಯಿದೆಯೇ ಎಂದು ಪರೀಕ್ಷಿಸಿರಬೇಕು. ಇದು ಒಂದು ಸಾಧಾರಣ ಲ್ಯಾಪ್‌ಟಾಪ್ ತಡೆದುಕೊಳ್ಳುವ ಲೆಕ್ಕ. ನೀವು ತಂದ ನಿಯಮಗಳಲ್ಲಿ ಒಂದನ್ನು ಆರಿಸಿ, ಹಿಂದಿನಿಂದ ಶುರು ಮಾಡೋಣ.