ಹೆಸರಿಲ್ಲದ ವೈರಸ್ಸಿನ ಬೆನ್ನು ಹತ್ತಿದ ಹಾರ್ವೆ ಆಲ್ಟರ್



ಇಂದು ನಾನು ಮಾತನಾಡಲಿರುವುದು ಅಮೆರಿಕದ ವೈದ್ಯವಿಜ್ಞಾನಿ ಹಾರ್ವೆ ಆಲ್ಟರ್ ಅವರ ಬಗ್ಗೆ. 2020ರಲ್ಲಿ ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರೊಂದಿಗೆ ನೊಬೆಲ್ ಹಂಚಿಕೊಂಡಾಗ ಅವರಿಗೆ 85 ವರ್ಷ. ಪ್ರಶಸ್ತಿ ಬಂದದ್ದು ಹೆಪಟೈಟಿಸ್ ಸಿ ವೈರಸ್ಸಿನ ಶೋಧಕ್ಕೆ. ಆದರೆ ಆ ವೈರಸ್ಸನ್ನು ಕೈಗೆ ಹಿಡಿದು ತೋರಿಸಿದವರು ಆಲ್ಟರ್ ಅಲ್ಲ. ಅದು ಸಿಗುವುದಕ್ಕೆ ಎಷ್ಟೋ ಮುಂಚೆಯೇ ಅದರ ಹಾವಳಿಯನ್ನು ತಗ್ಗಿಸುವ ದಾರಿ ತೋರಿದವರು ಅವರು. ಅವರ ದೊಡ್ಡತನ ಇರುವುದು ಅಲ್ಲೇ ಎಂದು ನಾನು ನಂಬಿದ್ದೇನೆ.

ಅರುವತ್ತರ ದಶಕದ ಆರಂಭ. ಬೆಥೆಸ್ಡಾದ ಎನ್‌ಐಎಚ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯ ರಕ್ತನಿಧಿಯಲ್ಲಿ ಆಲ್ಟರ್ ಕಿರಿಯ ವೈದ್ಯ. ಪದೇ ಪದೇ ರಕ್ತ ಪಡೆದಿದ್ದ ಹಿಮೋಫಿಲಿಯಾ ರೋಗಿಯೊಬ್ಬರ ಸೀರಮ್ಮನ್ನು ಬೇರೆ ಬೇರೆ ಜನರ ಸೀರಮ್ಮಿನ ಎದುರು ಇಟ್ಟು ನೋಡುತ್ತಿದ್ದಾಗ, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ಮಾದರಿಯಲ್ಲಿದ್ದ ಯಾವುದೋ ವಸ್ತುವಿನೊಡನೆ ಅದು ಪ್ರತಿಕ್ರಿಯಿಸಿ ಒಂದು ಗೆರೆ ಮೂಡಿತು. ವಿಜ್ಞಾನಿ ಬರೂಖ್ ಬ್ಲೂಂಬರ್ಗ್ ಅವರೊಂದಿಗೆ ಸೇರಿ ಅದನ್ನು 1965ರಲ್ಲಿ ಪ್ರಕಟಿಸಿದರು. ಆಸ್ಟ್ರೇಲಿಯಾ ಆ್ಯಂಟಿಜೆನ್ ಎಂದು ಹೆಸರಾದ ಆ ವಸ್ತು ಹೆಪಟೈಟಿಸ್ ಬಿ ವೈರಸ್ಸಿನ ಮೇಲ್ಕವಚವೆಂದು ಮುಂದೆ ತಿಳಿಯಿತು. ಇಂದು ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಎಚ್‌ಬಿಎಸ್‌ಎಜಿ ಎಂದು ಬರುವುದು ಅದೇ.

ಇಷ್ಟೇ ಆಗಿದ್ದರೂ ಒಂದು ಜನ್ಮಕ್ಕೆ ಸಾಕಿತ್ತು. ಆಲ್ಟರ್ 1969ರಲ್ಲಿ ಎನ್‌ಐಎಚ್‌ಗೆ ಮರಳಿ ಬಂದು ಹಿಡಿದದ್ದು ಇನ್ನೂ ನಿಧಾನದ ಕೆಲಸ. ಅಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದವರಿಗೆ ಬಾಟಲಿಗಟ್ಟಲೆ ರಕ್ತ ಬೇಕಾಗುತ್ತಿತ್ತು. ಹೃದಯವೇನೋ ಸರಿಹೋಗುತ್ತಿತ್ತು, ಆದರೆ ಅವರಲ್ಲಿ ಶೇಕಡ 30ರಷ್ಟು ಜನರಿಗೆ ಲಿವರಿನ ಉರಿಯೂತ ಅಂಟಿಕೊಳ್ಳುತ್ತಿತ್ತು. ಹೆಚ್ಚಿನವರಿಗೆ ಕಣ್ಣು ಹಳದಿಯಾಗುವ ಕಾಮಾಲೆಯೂ ಕಾಣುತ್ತಿರಲಿಲ್ಲವಾದ್ದರಿಂದ, ಹುಡುಕದೆ ಹೋದರೆ ಅದು ಗೊತ್ತೇ ಆಗುತ್ತಿರಲಿಲ್ಲ. ಆಲ್ಟರ್ ತಂಡ ಆಪರೇಷನ್ನಿಗೆ ಮುಂಚೆ ಮತ್ತು ಆಮೇಲೆ ತಿಂಗಳುಗಟ್ಟಲೆ ಅವರ ರಕ್ತ ತೆಗೆದು ಪರೀಕ್ಷಿಸಿತು. ರಕ್ತ ಕೊಟ್ಟವರ ಮಾದರಿಯನ್ನೂ ಸೇರಿಸಿ ಎಲ್ಲವನ್ನೂ ಶೈತ್ಯಾಗಾರದಲ್ಲಿ ಕಾಪಿಟ್ಟಿತು.

ಲೆಕ್ಕ ಹಾಕಿದಾಗ ಒಂದು ಸಂಗತಿ ಎದ್ದು ಕಂಡಿತು. ರೋಗ ಹೆಚ್ಚಾಗಿ ಬರುತ್ತಿದ್ದುದು ಹಣಕ್ಕೆ ಮಾರಿದ ರಕ್ತದಿಂದ. ಹೊಟ್ಟೆಪಾಡಿಗಾಗಿ ರಕ್ತ ಮಾರಲು ಬಂದವನು ತನ್ನ ಕಾಯಿಲೆಯನ್ನು ಮುಚ್ಚಿಟ್ಟರೆ ತಪ್ಪು ಅವನೊಬ್ಬನದಲ್ಲ, ಅವನಿಂದ ಕೊಳ್ಳುವ ವ್ಯವಸ್ಥೆಯದೂ ಹೌದು. 1970ರಲ್ಲಿ ಎನ್‌ಐಎಚ್ ರಕ್ತನಿಧಿ ಸಂಪೂರ್ಣವಾಗಿ ಸ್ವಯಂಪ್ರೇರಿತ ದಾನಿಗಳ ಕಡೆ ತಿರುಗಿತು, ಬಿ ಪರೀಕ್ಷೆಯನ್ನೂ ಸೇರಿಸಿಕೊಂಡಿತು. ಶೇಕಡ 30 ಇದ್ದದ್ದು 10ರ ಆಸುಪಾಸಿಗೆ ಇಳಿಯಿತು. ಈ ಇಳಿತದ ದೊಡ್ಡ ಪಾಲು ದಾನಿಗಳನ್ನು ಬದಲಿಸಿದ್ದರಿಂದ ಬಂದದ್ದು. ವೈರಸ್ ಯಾವುದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಉಳಿದ ಹತ್ತು? ಬಿ ಅಲ್ಲ. ಹೆಪಟೈಟಿಸ್ ಎ ವೈರಸ್ ಪತ್ತೆಯಾದ ಮೇಲೆ ಹಳೆಯ ಮಾದರಿಗಳನ್ನು ಹೊರತೆಗೆದು ನೋಡಿದರೆ, ಎಯೂ ಅಲ್ಲ. 1975ರಲ್ಲಿ ಅದಕ್ಕೆ ‘ನಾನ್‌-ಎ, ನಾನ್‌-ಬಿ’ ಎಂದೇ ಹೆಸರಿಟ್ಟರು. 1978ರಲ್ಲಿ ರೋಗಿಗಳ ರಕ್ತದಿಂದ ಚಿಂಪಾಂಜಿಗಳಿಗೆ ರೋಗ ಹರಡುವುದನ್ನು ತೋರಿಸಿ, ಇದು ಸಾಂಕ್ರಾಮಿಕ ಎಂದು ಸಾಬೀತುಪಡಿಸಿದರು. ಆ ಮೂಕಪ್ರಾಣಿಗಳ ಋಣ ನಮ್ಮ ಮೇಲಿದೆ. ಮುಂದಿನ ಹತ್ತು ವರ್ಷ ವೈರಸ್ ಸಿಗಲಿಲ್ಲ. ಎಷ್ಟೋ ಪ್ರಯೋಗಾಲಯಗಳು ಸಿಕ್ಕಿತೆಂದು ಹೇಳಿಕೊಂಡವು. ಆಲ್ಟರ್ ತಮ್ಮ ಸಂಗ್ರಹದಿಂದ ರೋಗವಿದೆ ಎಂದು ಖಚಿತವಾದ ಮತ್ತು ಇಲ್ಲವೆಂದು ಖಚಿತವಾದ ಮಾದರಿಗಳನ್ನು ಬೆರೆಸಿ, ಗುಟ್ಟಿನ ಸಂಖ್ಯೆ ಹಾಕಿ ಕಳಿಸುತ್ತಿದ್ದರು. ಒಂದೊಂದಾಗಿ ಎಲ್ಲರೂ ಸೋತರು. ಕಡೆಗೆ ಕ್ಯಾಲಿಫೋರ್ನಿಯಾದ ಕೈರಾನ್ ಕಂಪನಿಯಲ್ಲಿ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಅವರು ಡೇನಿಯಲ್ ಬ್ರಾಡ್ಲಿ ಅವರ ಜೊತೆಗೂಡಿ ವೈರಸ್ಸಿನ ಜೀನನ್ನೇ ಹೆಕ್ಕಿ ತೆಗೆದರು. 1989ರಲ್ಲಿ ಪ್ರಕಟವಾದ ಅವರ ಪರೀಕ್ಷೆ ಆಲ್ಟರ್ ಒಡ್ಡಿದ ಒರೆಗಲ್ಲಿನಲ್ಲಿ ಗೆದ್ದಿತು. ಚೂ ಮತ್ತು ಕುವೊ ಅವರನ್ನು ಬಿಟ್ಟು ತನಗೊಬ್ಬನಿಗೇ ಕೊಡಹೊರಟ ಕೆನಡಾದ ಗೇರ್ಡ್ನರ್ ಪ್ರಶಸ್ತಿಯನ್ನು ಹೌಟನ್ 2013ರಲ್ಲಿ ನಿರಾಕರಿಸಿದರು. ಈ ಸಭೆಯಲ್ಲಿ ಅದನ್ನೂ ನೆನೆಯಲೇಬೇಕು.

ಆಲ್ಟರ್ ಅವರ ಆ ಸಂಗ್ರಹಕ್ಕೆಂದು 1977ರಲ್ಲಿ ಒಬ್ಬ ರೋಗಿಯಿಂದ ತೆಗೆದಿಟ್ಟ ರಕ್ತ ‘ಎಚ್‌77’ ಎಂಬ ಹೆಸರಿನಲ್ಲಿ ಇಪ್ಪತ್ತು ವರ್ಷಗಳ ನಂತರ ಚಾರ್ಲ್ಸ್ ರೈಸ್ ಅವರ ಪ್ರಯೋಗಕ್ಕೆ ಆಧಾರವಾಯಿತು. ಕಾಪಿಟ್ಟವರಿಗೆ ಅದು ಯಾರ ಕೈಗೆ ಹೋದೀತೆಂಬ ಅಂದಾಜೂ ಇರಲಿಲ್ಲ.

ನಮ್ಮಲ್ಲಿ ರಕ್ತ ಮಾರುವುದಕ್ಕೆ ನಿಷೇಧ ಬಂದದ್ದು ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಬಳಿಕ, 1998ರ ಜನವರಿ 1ರಿಂದ. ದಾನದ ರಕ್ತಕ್ಕೆ ಸಿ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಅದಕ್ಕಿಂತ ಮುಂಚೆ ನೀವಾಗಲಿ, ನಿಮ್ಮ ಮನೆಯ ಹಿರಿಯರಾಗಲಿ ಹೆರಿಗೆಯಲ್ಲೋ ಆಪರೇಷನ್ನಿನಲ್ಲೋ ರಕ್ತ ಹಾಕಿಸಿಕೊಂಡಿದ್ದರೆ, ಆರೋಗ್ಯವಾಗಿಯೇ ಇದ್ದರೂ ಒಮ್ಮೆ ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿ. ಈ ರೋಗಕ್ಕೆ ಇನ್ನೂ ಲಸಿಕೆಯಿಲ್ಲ. ಆದರೆ ಸುಮಾರು ಮೂರು ತಿಂಗಳು ಮಾತ್ರೆ ನುಂಗಿದರೆ ನೂರರಲ್ಲಿ ತೊಂಬತ್ತೈದು ಜನಕ್ಕೆ ಪೂರ್ತಿ ಗುಣವಾಗುತ್ತದೆ. 2018ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಆ ಚಿಕಿತ್ಸೆ ಉಚಿತ.