ಫೀಸಿಲ್ಲದ ಶಾಲೆ ಮತ್ತು ನನ್ನ ಅಕ್ಕ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಬಿ.ಇ. ಮಾಡಿದ ಸಾಫ್ಟ್‌ವೇರ್ ಎಂಜಿನಿಯರ್ ಎಂದು ಈಗಷ್ಟೇ ನನ್ನನ್ನು ಪರಿಚಯಿಸಿದರು. ಆ ಓದು ಶುರುವಾದದ್ದು ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಫೀಸು ಇರಲಿಲ್ಲ. ಆದರೂ ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ನಾಲ್ಕನೇ ತರಗತಿಗೇ ಶಾಲೆ ಬಿಟ್ಟಳು. ಅಪ್ಪ ಅವ್ವ ಕೂಲಿಗೆ ಹೋದಾಗ ನನ್ನನ್ನು ನೋಡಿಕೊಳ್ಳುವವರು ಬೇಕಿತ್ತು. ನಮ್ಮ ಕೇರಿಗೆ ಅಂಗನವಾಡಿ ಆಮೇಲೆ ಬಂತು. ಲೆಕ್ಕದಲ್ಲಿ ಅವಳು ನನಗಿಂತ ಜಾಣೆ. ಮಗ್ಗಿ ಬಾಯಿಪಾಠ ಮಾಡಿಸಿದವಳೂ ಅವಳೇ.

ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಯತ್ನಿಸಬೇಕೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನ ಹೇಳಿತ್ತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ನಡುವೆ, 2002ರಲ್ಲಿ, ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯಿತು. ನನ್ನನ್ನು ಕೇಳಿದರೆ, ಫೀಸಿಲ್ಲ ಎನ್ನುವುದಕ್ಕಿಂತ ಆ ಬಿಸಿಯೂಟವೇ ಬಡವರ ಮಕ್ಕಳನ್ನು ಹೆಚ್ಚು ಕರೆತಂದಿತು. ಮಗು ಶಾಲೆಗೆ ಹೋದರೆ ಮನೆಗೆ ಒಂದು ಕೈ ಕಡಿಮೆ. ಆ ನಷ್ಟಕ್ಕೆ ಒಂದು ಹೊತ್ತಿನ ಊಟವಾದರೂ ಸಿಕ್ಕಿತು.

ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಕಂಪ್ಯೂಟರ್ ಕೊಡೋಣ ಎಂದಿದ್ದೇವೆ, ಕೊಡುತ್ತೇವೆ. ಜೊತೆಗೆ ಸುಗ್ಗಿಯ ತಿಂಗಳಲ್ಲಿ ಹಾಜರಿ ಪುಸ್ತಕವನ್ನೂ ಒಮ್ಮೆ ನೋಡೋಣ. ಯಾರು ಬರುತ್ತಿಲ್ಲವೋ ಅವರ ಮನೆಗೆ ಹೋಗಿ ಕೇಳೋಣ.

ಅಕ್ಕ ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಅವಳ ಮಗಳು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಆಗ ಸ್ವಾಗತಗೀತೆ ಹಾಡಿದಳಲ್ಲ, ಆ ಹುಡುಗಿ.